ಗ್ಲಾಸಿನೊಳಗಿನ ಗೆರೆ

ಕಲ್ಲಡ್ಕದ ಪೇಟೆಯಲ್ಲಿ ಬೆಳಗಿನ ಎಂಟೂವರೆ. ತಲೆಯ ಮೇಲೆ ಮೇಲ್ಸೇತುವೆಯಲ್ಲಿ ಮಂಗಳೂರಿಗೂ ಬೆಂಗಳೂರಿಗೂ ಓಡುವ ಗಾಡಿಗಳ ಸದ್ದು, ಕೆಳಗೆ ಹೋಟೆಲಿನೊಳಗೆ ದೋಸೆ ಕಾವಲಿಯ ಚುಂಯ್ ಸದ್ದು. ಮೇಜಿನ ಮೇಲೆ ಗಾಜಿನ ಗ್ಲಾಸೊಂದು ಬಂದು ಕೂರುತ್ತದೆ. ಅಡಿಯಲ್ಲಿ ಹಾಲಿನ ಬಿಳಿ, ಮೇಲೆ ಡಿಕಾಕ್ಷನ್ನಿನ ಕಡುಕಂದು, ಎರಡರ ನಡುವೆ ಅಡಿಕೋಲಿಟ್ಟು ಎಳೆದಂಥ ಗೆರೆ. ಊರವರು 'ಕೇಟಿ' ಎಂದು ಕರೆಯುವ ಕಲ್ಲಡ್ಕ ಟೀ ಇದು. ಇದಕ್ಕಾಗಿಯೇ ದಾರಿಹೋಕರು ಕಾರು ನಿಲ್ಲಿಸುತ್ತಾರೆ. ಗ್ಲಾಸಿನ ಫೋಟೋ ತೆಗೆದು, ಚಮಚದಲ್ಲಿ ಒಂದು ಸುತ್ತು ತಿರುಗಿಸಿ, ಗೆರೆ ಅಳಿಸಿ, ಕುಡಿದು ಹೋಗುತ್ತಾರೆ.

ಎದುರಿನ ಬೆಂಚಿನಲ್ಲಿ ಅಜ್ಜನ ಜೊತೆ ಕೂತ ಹುಡುಗಿಗೆ ಆರು ವರ್ಷ ಇರಬಹುದು. ಸಮವಸ್ತ್ರ ಹಾಕಿದ್ದಾಳೆ, ಒಂದು ಜಡೆಯ ರಿಬ್ಬನ್ನು ಆಗಲೇ ಸಡಿಲಾಗಿದೆ. ಅವಳು ಗಲ್ಲವನ್ನು ಮೇಜಿಗೆ ಒತ್ತಿ ಕಣ್ಣನ್ನು ಸರಿಯಾಗಿ ಆ ಗೆರೆಯ ಮಟ್ಟಕ್ಕೆ ತಂದಳು. ಒಂದು ಕಣ್ಣು ಮುಚ್ಚಿದಳು. ಆಮೇಲೆ ಬೆರಳ ತುದಿಯಿಂದ ಅಜ್ಜನ ಗ್ಲಾಸನ್ನು ತುಸುವೇ ಓರೆ ಮಾಡಿದಳು. ಗ್ಲಾಸು ಓರೆಯಾಯಿತು, ಗೆರೆ ಓರೆಯಾಗಲಿಲ್ಲ. ಅದು ಮೇಜಿಗೆ ಸಮನಾಗಿಯೇ ನಿಂತಿತು.

"ಅಜ್ಜಾ, ಮೇಲೆ ಇರುದು ಎಂತಕ್ಕೆ ಕೆಳಗೆ ಬರುದಿಲ್ಲ?"

"ಅವರು ಹಾಗೆ ಹೊಯ್ಯುದು ಮಗಾ. ಬೇಗ ತಿನ್ನು, ಗಂಟೆಯಾಯ್ತು."

ಅಜ್ಜನ ಮಾತು ತಪ್ಪೇನಲ್ಲ. ಹಾಗೆ ಹೊಯ್ಯುವುದರಲ್ಲೇ ಅರ್ಧ ಗುಟ್ಟು ಇದೆ. ಸಕ್ಕರೆಯೆಲ್ಲ ಅಡಿಯ ಹಾಲಿನಲ್ಲಿ ಕರಗಿರುತ್ತದೆ, ಡಿಕಾಕ್ಷನ್ನಿಗೆ ಸಕ್ಕರೆ ಇಲ್ಲ. ನೀರಿಗಿಂತ ಹಾಲೇ ತುಸು ಭಾರ, ಸಕ್ಕರೆ ಕೂಡಿದರೆ ಇನ್ನೂ ಭಾರ. ಹಗುರಾದ ಡಿಕಾಕ್ಷನ್ನನ್ನು ರಭಸವಿಲ್ಲದೆ ನಿಧಾನ ಇಳಿಬಿಟ್ಟರೆ ಅದು ಹಾಲಿನ ಮೇಲೆ ಹಾಸಿಕೊಂಡಂತೆ ನಿಲ್ಲುತ್ತದೆ. ಕೈ ಅವಸರ ಮಾಡಿದರೆ ಗೆರೆಯಿಲ್ಲ. ದಿನವೂ ನೂರಾರು ಬಾರಿ ಈ ಪ್ರಯೋಗ ಇಲ್ಲಿ ತಪ್ಪದೆ ನಡೆಯುತ್ತದೆ. ಆದರೆ ಗ್ಲಾಸನ್ನು ಓರೆ ಮಾಡಿ ನೋಡಿದವರಲ್ಲಿ ನಾನು ಕಂಡದ್ದು ಆ ಹುಡುಗಿಯೊಬ್ಬಳನ್ನೇ.

ಕಲ್ಲಡ್ಕದಿಂದ ದಕ್ಷಿಣಕ್ಕೆ ಒಂದು ರಸ್ತೆ ಕವಲೊಡೆಯುತ್ತದೆ. ವಿಟ್ಲ, ಅಡ್ಯನಡ್ಕ, ಸಾರಡ್ಕ ದಾಟಿ ಕಾಸರಗೋಡು ಸೀಮೆಯ ಪೆರ್ಲ, ಬದಿಯಡ್ಕ ಹಾದು ಚೆರ್ಕಳ ಮುಟ್ಟುವ ರಸ್ತೆ. ಹೆಸರುಗಳನ್ನು ಗಮನಿಸಿ: ಹೆಜ್ಜೆಗೊಂದು ಅಡ್ಕ. ಅಡ್ಕವೆಂದರೆ ನಮ್ಮ ಕಡೆ ಗುಡ್ಡದ ಮೇಲಿನ, ಮುಳಿಹುಲ್ಲು ಬಿಟ್ಟರೆ ಹೆಚ್ಚೇನೂ ಬೆಳೆಯದ ಮುರಕಲ್ಲಿನ ಚಪ್ಪಟೆ ಬಯಲು. ಕಲ್ಲೇ ಹಾಸಿದ ಅಡ್ಕ ಕಲ್ಲಡ್ಕ. ಈ ರಸ್ತೆಯ ಬದಿಯಲ್ಲಿ, ಅಡಕೆ ತೋಟಕ್ಕಿಂತ ಒಂದು ಏರು ಮೇಲೆ, ಮುರಕಲ್ಲಿನ ಗೋಡೆಯ ಕಿರಿಯ ಪ್ರಾಥಮಿಕ ಶಾಲೆಯೊಂದಿದೆ. ಜಗಲಿಯ ಕೊನೆಯಲ್ಲಿ ಮಕ್ಕಳ ಚಪ್ಪಲಿಗಳ ಸಾಲು, ಮಾಡಿನ ಅಂಚಿನಿಂದ ಇಳಿಯುವ ನೀರು ಬಿದ್ದು ಬಿದ್ದು ಅಂಗಳದಲ್ಲಿ ಮೂಡಿದ ಕುಳಿಗಳ ಇನ್ನೊಂದು ಸಾಲು. ಒಂದರಿಂದ ಮೂರನೆಯವರೆಗಿನವರು ನಲಿ–ಕಲಿಯ ಒಂದೇ ಕೋಣೆಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಮೊಳೆತ ಆ ಪದ್ಧತಿ ಬೆಂಚುಗಳನ್ನು ಬದಿಗೆ ಸರಿಸಿ ಮಕ್ಕಳನ್ನು ನೆಲದ ಮೇಲೆ ಸುತ್ತ ಕೂರಿಸಿತು. ಪ್ರಯೋಗಕ್ಕೆ ನೆಲಕ್ಕಿಂತ ಒಳ್ಳೆಯ ಮೇಜಿಲ್ಲ. ಚೆಲ್ಲಿದರೆ ಒರೆಸಬಹುದು.

ಅಲ್ಲಿ ಒಂದು ದಿನ ಟೀಚರು ತಂದದ್ದು ಮೂರು ಗಾಜಿನ ಲೋಟ, ಒಂದು ಚಮಚ, ಒಂದು ಪಾತ್ರೆಯಲ್ಲಿ ದಪ್ಪಗೆ ಕರಗಿಸಿದ ಬೆಲ್ಲದ ನೀರು, ಇನ್ನೊಂದರಲ್ಲಿ ಶಂಖಪುಷ್ಪ ಕಿವುಚಿ ನೀಲಿ ಮಾಡಿದ ಬರೀ ನೀರು. "ಎರಡನ್ನೂ ಒಂದೇ ಲೋಟಕ್ಕೆ ಹಾಕುವ, ಆದರೆ ಒಂದಕ್ಕೊಂದು ಸೇರಬಾರದು. ಯಾರಿಗೆ ಬರ್ತದೆ?" ಎಂದು ಕೇಳಿ ಅವರು ಹಿಂದೆ ಸರಿದು ಗೋಡೆಗೆ ಒರಗಿ ಕೂತರು. ಪಾಠ ಅಷ್ಟೇ.

ಮೊದಲು ಮುನ್ನುಗ್ಗಿದ ಹುಡುಗ ಧಡಕ್ಕನೆ ಸುರಿದ, ಲೋಟದಲ್ಲಿ ಕೆಸರಿನ ಬಣ್ಣ. ಎರಡನೆಯವಳು ಲೋಟದ ಗೋಡೆಗೆ ತಾಗಿಸಿ ಸುರಿದಳು, ಗೆರೆ ಬಂದಂತೆ ಆಗಿ ಕದಡಿತು. ಮೂರನೆಯವನು ಚಮಚದ ಬೆನ್ನ ಮೇಲೆ ಹನಿಹನಿಯಾಗಿ ಬಿಟ್ಟ. ಕೋಣೆಯಲ್ಲಿ ಉಸಿರಿನ ಸದ್ದೂ ಇಲ್ಲ. ಬೆಲ್ಲದ ಮೇಲೆ ನೀಲಿ ನಿಂತಿತು. ಮಕ್ಕಳೆಲ್ಲ ಒಟ್ಟಿಗೆ ಕೂಗಿದ್ದಕ್ಕೆ ಹೊರಗೆ ಮಲಗಿದ್ದ ನಾಯಿ ಎದ್ದು ಹೋಯಿತು. ಆದರೆ ಆ ಬೆಳಗಿನ ನಿಜವಾದ ಕೆಲಸ ಮಾಡಿದ್ದು ಇದುವರೆಗೆ ಬಾಯಿಬಿಡದೆ ಮೂಲೆಯಲ್ಲಿ ಕೂತಿದ್ದವಳು. ಅವಳು ನೀಲಿಯನ್ನು ಮೊದಲು ಹಾಕಿ ಬೆಲ್ಲದ ನೀರನ್ನು ಆಮೇಲೆ ಬಿಟ್ಟಳು. ಚಮಚ ಹಿಡಿದರೂ ನಿಲ್ಲಲಿಲ್ಲ. ಕಂದು ಎಳೆಯೊಂದು ನೀಲಿಯನ್ನು ಸೀಳಿಕೊಂಡು ಸುಳಿಸುಳಿಯಾಗಿ ತಳಕ್ಕಿಳಿದು ಅಲ್ಲೇ ಹರಡಿತು.

"ಸಿಹಿ ಅಡಿಗೇ ಹೋಗ್ತದೆ ಟೀಚರ್. ಎಲ್ಲಿ ಹಾಕಿದರೂ."

ಸ್ವಲ್ಪ ಹೊತ್ತಿಗೆ ಇನ್ನೊಂದು ದನಿ: "ಹಾಗಾದ್ರೆ ಕೇಟಿಯಲ್ಲಿ ಸಕ್ಕರೆ ಹಾಲಿಗೆ ಹಾಕುದು!"

ಸಾಂದ್ರತೆ ಎಂಬ ಪದವನ್ನು ಆ ದಿನ ಯಾರೂ ಉಚ್ಚರಿಸಲಿಲ್ಲ. ಅದು ಐದಾರು ವರ್ಷ ತಡವಾಗಿ ಬಂದರೂ ನಷ್ಟವಿಲ್ಲ. ಬರುವಾಗ ಅದಕ್ಕೊಂದು ಲೋಟ, ಒಂದು ಕಂದು ಎಳೆ ಕಾದಿರುತ್ತದೆ. ಪದ ಮೊದಲು ಬಂದು ಎಳೆ ಎಂದೂ ಬಾರದಿದ್ದರೆ ಅದೇ ನಷ್ಟ. ಈ ಕೋಣೆಯ ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಹವಿಗನ್ನಡ ಆಡುವವರು. 'ಏಕೆ' ಎಂಬುದನ್ನು ತುಳುವಿನ ಮನೆಯ ಮಗು 'ದಾಯೆ' ಎಂದು ಕೇಳಿದರೆ ಕೊಂಕಣಿಯ ಮನೆಯದು 'ಕಿತ್ಯಾಕ್' ಎನ್ನುತ್ತದೆ. ಪುಸ್ತಕದ ಕನ್ನಡವೇ ಅವರಿಗೆ ಒಂದು ಮೆಟ್ಟಿಲು ಮೇಲಿನದು. ವಿಜ್ಞಾನದ ಪರಿಭಾಷೆ ಅದಕ್ಕಿಂತ ಎರಡು ಮೆಟ್ಟಿಲು ಮೇಲೆ. ಕೈಯಲ್ಲಿ ಹಿಡಿದ ಲೋಟಕ್ಕೆ ಮೆಟ್ಟಿಲಿಲ್ಲ.

ಮಿಕ್ಕಿದ ನೀಲಿ ನೀರು ದಂಡವಾಗಲಿಲ್ಲ. ಲಿಂಬೆ ಹಿಂಡಿದರು, ನೇರಳೆಗೆಂಪಾಯಿತು. ಸಾಬೂನಿನ ನೀರು ಹಾಕಿದರು, ಹಸಿರಿನತ್ತ ತಿರುಗಿತು. ಆಗ ಒಬ್ಬ ಹುಡುಗ ತನ್ನ ಮನೆಯ ಸಂಗತಿ ನೆನಪಿಸಿಕೊಂಡ: ದೃಷ್ಟಿ ತೆಗೆಯುವಾಗ ಅಜ್ಜಿ ಅರಸಿನ ನೀರಿಗೆ ಸುಣ್ಣ ಹಾಕಿ ಕೆಂಪು ಕುರ್ದಿ ನೀರು ಮಾಡುತ್ತಾರೆ. ಹಳದಿಗೆ ಬಿಳಿ ಸೇರಿ ಕೆಂಪಾಗುವುದು ಹೇಗೆ? ಬಣ್ಣದ ಪೆಟ್ಟಿಗೆಯಲ್ಲಿ ಅದು ಆಗುವುದಿಲ್ಲವಲ್ಲ! ಸುಣ್ಣ ಕ್ಷಾರ, ಕ್ಷಾರದಲ್ಲಿ ಅರಸಿನದ ಬಣ್ಣವೇ ಬೇರೆ. ಅದೇ ಕೆಂಪಿಗೆ ಲಿಂಬೆಹುಳಿ ಬಿದ್ದರೆ ಅರಸಿನ ಮತ್ತೆ ಹಳದಿ. ಬಂಟ್ವಾಳ ತಾಲೂಕಿನ ಮನೆಮನೆಗಳಲ್ಲಿ ತಲೆಮಾರುಗಳಿಂದ ಇದನ್ನು ನೋಡಿದ್ದೇವೆ, ಬಾಯಲ್ಲೇ ಮಾಡಿದ್ದೇವೆ. ವೀಳ್ಯದೆಲೆ, ಅಡಕೆ, ಸುಣ್ಣ ಕೂಡಿ ಕೆಂಪಾಗುವುದರಲ್ಲಿಯೂ ಸುಣ್ಣದ್ದೇ ಕೈವಾಡ. ಬೇರೆ ಬೇರೆ ಇದ್ದಾಗ ಮೂರರಲ್ಲಿ ಯಾವುದಕ್ಕೂ ಆ ಕೆಂಪಿಲ್ಲ.

ಆಗಸ್ಟ್ ತಿಂಗಳಲ್ಲಿ, ಮಳೆ ತುಸು ಹೊಳವಾದ ಒಂದು ಮಧ್ಯಾಹ್ನ, ಅದೇ ಮಕ್ಕಳ ಹಿಂದೆ ನಾನೂ ಅಡ್ಕ ಹತ್ತಿದೆ. ಬೇಸಗೆಯಲ್ಲಿ ಕಾಲಿಡಲಾಗದಷ್ಟು ಕಾಯುವ ಕರಿ ಮುರಕಲ್ಲು ಈಗ ಪಾಚಿಯಿಂದ ಜಾರುತ್ತಿತ್ತು. ಕಲ್ಲಿನ ತಗ್ಗುಗಳಲ್ಲಿ ನಿಂತ ನೀರಲ್ಲಿ ಗೊದಮೊಟ್ಟೆಗಳು. ಕೆಲವಕ್ಕೆ ಹಿಂಗಾಲು ಬಂದಿತ್ತು, ಕೆಲವಕ್ಕೆ ಬರೀ ಬಾಲ. ಎಣಿಸಲು ಹೊರಟವರು ಮೂವತ್ತರ ನಂತರ ಜಗಳಕ್ಕಿಳಿದರು. ತೆಳುವಾದ ಜೌಗಿನ ಮೇಲೆ ನೇರಳೆನೀಲಿ ಹೂಗಳ ಹಾಸು. ಅದರ ಬುಡದಲ್ಲಿ, ನಾಣ್ಯದಷ್ಟಗಲಕ್ಕೆ ನೆಲಕ್ಕಂಟಿ ಹರಡಿದ ಕೆಂಗಿಡವೊಂದನ್ನು ಟೀಚರು ತೋರಿಸಿದರು. ಎಲೆಯ ಕೂದಲು ಕೂದಲಿನ ತುದಿಗೂ ಒಂದೊಂದು ಇಬ್ಬನಿ. ಮಧ್ಯಾಹ್ನ ಎರಡು ಗಂಟೆಗೆ ಎಲ್ಲಿಯ ಇಬ್ಬನಿ?

ಮಕ್ಕಳು ಮೊಣಕಾಲೂರಿ ಬಾಗಿದರು. ಒಬ್ಬಳು ಹುಲ್ಲುಕಡ್ಡಿಯಿಂದ ಮುಟ್ಟಿ ನೋಡಿದಳು, ಅಂಟು. ಇನ್ನೊಬ್ಬನಿಗೆ ಎಲೆಯ ನಡುವೆ ಸಿಕ್ಕಿಕೊಂಡ ಸಣ್ಣ ಗುಂಗುರು ಕಂಡಿತು. ಸುತ್ತಲಿನ ಕೂದಲು ಅದರ ಮೇಲೆ ಬಗ್ಗಿಕೊಂಡಿದ್ದವು. "ಗಿಡ ಅದನ್ನು ಹಿಡ್ಕೊಂಡಿದೆ!" ಎಂದು ಹೇಳಿದವನ ದನಿಯಲ್ಲಿ ಹೆದರಿಕೆಯೂ ಇತ್ತು. ಇದು ಡ್ರೊಸೆರಾ, ಹುಳ ತಿನ್ನುವ ಗಿಡ. ಮೇಲಿನ ನೇರಳೆ ಹೂವಿನದು ಯುಟ್ರಿಕ್ಯುಲೇರಿಯಾ. ಅದರ ಬಲೆ ಮಣ್ಣಿನೊಳಗಿನ ಕಾಣದಷ್ಟು ಸಣ್ಣ ಚೀಲಗಳು. ಮುರಕಲ್ಲಿನ ಮೇಲಿನ ಒಂದಂಗುಲ ಮಣ್ಣಿನಲ್ಲಿ ಸಾರವಿಲ್ಲ. ಇದ್ದ ಸಾರಜನಕವನ್ನೂ ನಮ್ಮ ಮಳೆ ತೊಳೆದೊಯ್ಯುತ್ತದೆ. ಬೇರಿಗೆ ಸಿಗದ್ದನ್ನು ಎಲೆ ಹುಳದಿಂದ ಪಡೆಯುತ್ತದೆ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಾರ್ವಿನ್ ಈ ಗಿಡದ ಮುಂದೆ ವರ್ಷಗಟ್ಟಲೆ ಕೂತ. ಎಲೆಗೆ ಗಾಜಿನ ಚೂರು ಇಟ್ಟ, ಮಾಂಸದ ಚೂರು ಇಟ್ಟ, ಯಾವುದನ್ನು ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂದು ನೋಡಿದ, 1875ರಲ್ಲಿ ಹುಳ ತಿನ್ನುವ ಗಿಡಗಳ ಮೇಲೆ ಇಡೀ ಪುಸ್ತಕ ಬರೆದ. ನಮ್ಮ ಮಕ್ಕಳು ಒಂದೆಲೆಗೆ ಮರಳ ಕಾಳು, ಇನ್ನೊಂದಕ್ಕೆ ಸತ್ತ ಸೊಳ್ಳೆ ಇಟ್ಟು ನಾಳೆ ಬಂದು ನೋಡುವುದೆಂದು ಮಾತಾಡಿಕೊಂಡರು. ಜೀವ ಇದ್ದದ್ದನ್ನು ಇಡಬಾರದು ಎಂಬ ಕಟ್ಟಳೆಯನ್ನು ಅವರೇ ಮಾಡಿದರು.

ಈ ಅಡ್ಕಗಳನ್ನು ಬರಡು ಎಂದು ಕರೆದು ಅಗೆದು ಕಲ್ಲು ಮಾರುತ್ತಿದ್ದೇವೆ, ಉಳಿದದ್ದಕ್ಕೆ ಮಣ್ಣು ತುಂಬಿ ರಬ್ಬರ್ ನೆಡುತ್ತಿದ್ದೇವೆ. ಆರು ವರ್ಷದ ಮಗುವಿಗೆ ಡಾರ್ವಿನ್ನನ ಗಿಡವನ್ನು ನಡೆದೇ ಹೋಗಿ ತೋರಿಸಬಹುದಾದ ಜಾಗ ಜಗತ್ತಿನಲ್ಲಿ ಹೆಚ್ಚಿಲ್ಲ ಎಂಬುದು ನಮಗೆ ಇನ್ನೂ ಹೊಳೆದಿಲ್ಲ.

ಇಳಿದು ಶಾಲೆಗೆ ಬಂದ ಮೇಲೆ ಕಲ್ಲಿನ ಪಾಠ. ಶಾಲೆಯ ಗೋಡೆ ಕಟ್ಟಿದ ಕಲ್ಲಿನ ಒಂದು ತುಂಡು, ಮೆಟ್ಟಿಲಿಗೆ ಹಾಸಿದ ಕಗ್ಗಲ್ಲಿನ ಒಂದು ತುಂಡು. ಎರಡರ ಮೇಲೂ ಒಂದೊಂದು ಚಮಚ ನೀರು. ಕಗ್ಗಲ್ಲಿನ ಮೇಲಿನದು ಹರಿದು ಹೋಯಿತು, ಮುರಕಲ್ಲು ಗುಟುಕರಿಸಿದಂತೆ ಕುಡಿಯಿತು. ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತಕ್ಕೆ ಕಾಗದ ಸುತ್ತಿ ಅಂಗಳದ ಹೊಯಿಗೆಯಲ್ಲಿ ಎಳೆದರೆ ಕರಿಮೀಸೆ ಮೂಡಿತು. ನೇತ್ರಾವತಿಯ ಮರಳಿನೊಂದಿಗೆ ಬಂದ ಕಬ್ಬಿಣದ ಕಣಗಳು. ಮುರಕಲ್ಲಿನ ಕೆಂಪು ಕೂಡ ಕಬ್ಬಿಣದ್ದೇ, ತುಕ್ಕು ಹಿಡಿದ ಕಬ್ಬಿಣದ್ದು. 1807ರಲ್ಲಿ ಪ್ರಕಟವಾದ ಪ್ರವಾಸ ವರದಿಯಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಕಂಡ ಈ ಕಲ್ಲಿಗೆ ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟ. ಗಣಿಯಲ್ಲಿ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು. ನಮ್ಮ ಕಲ್ಲು ಕಡಿಯುವವರಿಗೆ ಗೊತ್ತಿದ್ದ ಸಂಗತಿಗೆ ಅವನು ಹೆಸರು ಕೊಟ್ಟ.

ನೀರು ಕುಡಿಯುವ ಈ ಗುಣದ ಮೇಲೆಯೇ ಇಲ್ಲಿನ ಸುರಂಗಗಳು ನಿಂತಿವೆ. ಗುಡ್ಡ ಕುಡಿದ ಮಳೆಯನ್ನು ಅಡ್ಡಕ್ಕೆ ಕೊರೆದ ಬಿಲದಿಂದ ಹನಿಹನಿಯಾಗಿ ಹೊರಗೆ ತರುವ ವಿದ್ಯೆ ಅದು. ಇದೇ ರಸ್ತೆಯ ಅಡ್ಯನಡ್ಕದ ಬಳಿಯ ಅಮೈಯಲ್ಲಿ, ಮಹಾಲಿಂಗ ನಾಯ್ಕರು ಒಬ್ಬರೇ, ದಿನದ ಕೂಲಿ ಕೆಲಸ ಮುಗಿಸಿ ಬಂದು ತಮ್ಮ ಬೋಳುಗುಡ್ಡೆಯಲ್ಲಿ ಒಂದರ ಹಿಂದೊಂದು ಸುರಂಗ ಕೊರೆದರು. ಮೊದಮೊದಲಿನವು ಒಣಗಿಯೇ ಉಳಿದವು. ಕೊನೆಗೆ ನೀರು ಬಂತು, ಅಡಕೆ ತೋಟ ಎದ್ದಿತು, 2022ರಲ್ಲಿ ಪದ್ಮಶ್ರೀ ಬಂತು. ಸೋತ ಸುರಂಗವನ್ನು ನೋಡಿ ಮುಂದಿನದನ್ನು ಬೇರೆ ಕಡೆ ಕೊರೆಯುವುದು, ಚಮಚದ ಬೆನ್ನು ಹಿಡಿದ ಹುಡುಗ ಮಾಡಿದ್ದಕ್ಕಿಂತ ಬೇರೆಯಲ್ಲ. ನಾಯ್ಕರು ಬೆಲೆ ತೆತ್ತದ್ದು ವರ್ಷಗಳಲ್ಲಿ.

ಶಾಲೆಯಲ್ಲಿ ಮಳೆ ಅಳೆಯುವುದು ಜೂನಿನಲ್ಲೇ ಸುರುವಾಗಿತ್ತು. ನೆಟ್ಟಗಿನ ಬದಿಯ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕೊಯ್ದು ಕವುಚಿ ಅದರದೇ ಬಾಯಿಗಿಟ್ಟು, ಹೊರಗೆ ಅಡಿಕೋಲಿನ ಅಳತೆಯ ಪಟ್ಟಿ ಅಂಟಿಸಿದ್ದರು. ಬಾಟಲಿಯ ಅಡಿ ಉಬ್ಬುತಗ್ಗಾಗಿರುವುದರಿಂದ ಸೊನ್ನೆಯ ಗೆರೆಯವರೆಗೆ ಮೊದಲೇ ನೀರು ತುಂಬಬೇಕೆಂದು ಕಂಡುಕೊಂಡದ್ದು ಎರಡನೇ ವಾರ. ಮಾಡಿನ ಅಂಚಿನ ಹತ್ತಿರ ಇಟ್ಟ ಬಾಟಲಿ ಸುಳ್ಳು ಹೇಳುತ್ತದೆಂದು ತಿಳಿದದ್ದು ಮೂರನೇ ವಾರ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 4000 ಮಿಲಿಮೀಟರ್. ನೂರು ಚದರ ಮೀಟರಿನ ಮಾಡಿಗೆ ನಾಲ್ಕು ಲಕ್ಷ ಲೀಟರ್! ಏಪ್ರಿಲಿನಲ್ಲಿ ಬಿಸಿಯೂಟದ ಪಾತ್ರೆ ತೊಳೆಯಲು ಟ್ಯಾಂಕರಿಗೆ ಕಾಯುವ ಊರುಗಳು ಈ ಲೆಕ್ಕವನ್ನು ಮಕ್ಕಳಿಂದ ಕೇಳಿಸಿಕೊಳ್ಳಬೇಕು. ರೆಡ್ ಅಲರ್ಟಿನ ರಜೆಯ ದಿನ ಬಾಟಲಿ ತುಂಬಿ ಉಕ್ಕಿ ಅಳತೆ ತಪ್ಪಿತೆಂದು ಒಬ್ಬ ಹುಡುಗ ಕಣ್ಣೀರು ಹಾಕಿದ್ದನ್ನು ಟೀಚರು ನನಗೆ ಹೇಳಿದರು. ರಜೆಗೆ ಮಕ್ಕಳು ಅತ್ತದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಇಲ್ಲಿ ನನ್ನದೊಂದು ನೋವನ್ನೂ ಹೇಳಬೇಕು. ನಾನು ಓದಿದ ಶಾಲೆಯಲ್ಲಿ ತಟ್ಟೆಯ ನೀರಿನ ನಡುವೆ ಮೇಣದ ಬತ್ತಿ ಹಚ್ಚಿ ಲೋಟ ಕವುಚುವ ಪ್ರಯೋಗ ಮಾಡಿ ತೋರಿಸಿದ್ದರು. ಬತ್ತಿ ಆರಿತು, ನೀರು ಒಳಗೇರಿತು. ಗಾಳಿಯಲ್ಲಿ ಐದರಲ್ಲೊಂದು ಪಾಲು ಆಮ್ಲಜನಕ, ಅದು ಉರಿದು ಖಾಲಿಯಾಗಿ ನೀರು ಆ ಜಾಗ ತುಂಬಿತು ಎಂದು ಬರೆಸಿದರು. ನಾನೂ ಬರೆದೆ, ಅಂಕ ಬಂತು. ಅನೇಕ ವರ್ಷಗಳ ಮೇಲೆ ಈ ಮುರಕಲ್ಲಿನ ಶಾಲೆಯ ನೆಲದಲ್ಲಿ ಅದೇ ಪ್ರಯೋಗವನ್ನು ಮೂರನೇ ತರಗತಿಯವರ ಜೊತೆ ಕೂತು ನೋಡಿದೆ. ಅವರು ಕಂಡದ್ದನ್ನು ಒಂದೊಂದಾಗಿ ಹೇಳಿದರು. ಲೋಟ ಕವುಚುವಾಗ ಅಂಚಿನಲ್ಲಿ ಗುಳ್ಳೆ ಬಂತು. ಬತ್ತಿ ಉರಿಯುವಷ್ಟು ಹೊತ್ತು ನೀರು ಹೆಚ್ಚೇನೂ ಏರಲಿಲ್ಲ, ಆರಿದ ಮೇಲೆ ಸರ್ರನೆ ಏರಿತು. ಎರಡು ಬತ್ತಿ ಇಟ್ಟರೆ ಇನ್ನೂ ಮೇಲೇರಿತು. ಆಮ್ಲಜನಕ ಉರಿದುಹೋದದ್ದೇ ಕಾರಣವಾದರೆ ಉರಿಯುವಾಗಲೇ ನೀರು ಏರಬೇಕಿತ್ತು. ಲೋಟ ಅದೇ ಆದ್ದರಿಂದ ಎರಡು ಬತ್ತಿಗೂ ಒಂದೇ ಏರಿಕೆ ಇರಬೇಕಿತ್ತು. ಮುಖ್ಯ ಕಾರಣ ಬಿಸಿ. ಕಾದ ಗಾಳಿ ಹಿಗ್ಗಿ ಗುಳ್ಳೆಯಾಗಿ ಹೊರಬಿತ್ತು. ಬತ್ತಿ ಆರಿ ಒಳಗಿನದು ತಣಿದು ಕುಗ್ಗಿದಾಗ ಹೊರಗಿನ ಗಾಳಿ ನೀರನ್ನು ಒಳಗೆ ತಳ್ಳಿತು. ಆ ಗುಳ್ಳೆ ನಲವತ್ತು ಮಕ್ಕಳ ನಮ್ಮ ತರಗತಿಯಲ್ಲೂ ಬಂದಿತ್ತು. ನಾವು ನೋಡಲಿಲ್ಲ, ಏಕೆಂದರೆ ಉತ್ತರ ಮೊದಲೇ ಕರಿಹಲಗೆಯ ಮೇಲಿತ್ತು.

ಈ ನೆಲಕ್ಕೆ ಮಕ್ಕಳ ವಿಜ್ಞಾನ ಹೊಸದಲ್ಲ ಎಂಬುದನ್ನು ನೆನೆಯದೆ ಮುಂದೆ ಹೋಗಲಾರೆ. ಕಲ್ಲಡ್ಕದಿಂದ ಮಾಣಿಯ ಮೇಲೆ ಪುತ್ತೂರಿಗೆ ಹೋದರೆ ಪರ್ಲಡ್ಕ, ಮತ್ತೊಂದು ಅಡ್ಕ. ಅಲ್ಲಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಕೂಡಿಸಿ ಕುಣಿಸಿದರು, ಆಡಿಸಿದರು. ಅವರಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟ ಬರೆದರು, ಆಮೇಲೆ ದೊಡ್ಡವರಿಗೆಂದು 'ವಿಜ್ಞಾನ ಪ್ರಪಂಚ'ದ ನಾಲ್ಕು. ಕಾದಂಬರಿಗಳ ನಡುವೆ ಆ ಏಳು ಸಂಪುಟಗಳ ಶ್ರಮವನ್ನು ನಾವು ಸಾಕಷ್ಟು ಎತ್ತಿ ಹೇಳುತ್ತಿಲ್ಲ. ಅಡ್ಯನಡ್ಕದ ಹೆಸರನ್ನೇ ತಮ್ಮ ಹೆಸರಿನ ಮುಂದೆ ಹೊತ್ತ ಕೃಷ್ಣ ಭಟ್ಟರು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಪತ್ರಿಕೆಯ ಸಂಪಾದಕರಾಗಿ ದುಡಿದರು. ಬೆಳೆ ಬಾರದ ಅಡ್ಕಗಳಿಂದ ಬಂದ ಬೆಳೆ ಇದು.

ಶಾಲೆ, ಪುಸ್ತಕಗಳ ಹೊರಗಿನ ಪಾಠವೆಂದರೆ 2019ರ ಡಿಸೆಂಬರ್ 26ರ ಬೆಳಗು ನೆನಪಾಗುತ್ತದೆ. ಕಂಕಣ ಸೂರ್ಯಗ್ರಹಣ. ಅದರ ನಡುಗೆರೆ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನ ಮೇಲೆ ಹಾದಿತ್ತು, ನಮ್ಮಲ್ಲೂ ಸೂರ್ಯನ ಬಹುಪಾಲು ಮುಚ್ಚಿತ್ತು. ಒಂಬತ್ತೂವರೆ ಹೊತ್ತಿಗೆ ಬಿಸಿಲು ಬೆಳದಿಂಗಳಿನಂತೆ ಮಂಕಾಯಿತು. ಕೇರಿಯ ಬಾಗಿಲುಗಳು ಹೆಚ್ಚಿನವು ಮುಚ್ಚಿದ್ದವು. ನೆರೆಮನೆಯ ಅಂಗಳದಲ್ಲಿ ಮಾತ್ರ ಇಬ್ಬರು ಮಕ್ಕಳು ಹಲಸಿನ ಮರದ ಕೆಳಗೆ ನೆಲ ನೋಡುತ್ತ ನಿಂತಿದ್ದರು. ಎಲೆಗಳ ಸಂದಿಯಿಂದ ದಿನವೂ ಬೀಳುವ ದುಂಡನೆಯ ಬಿಸಿಲಚುಕ್ಕಿಗಳೆಲ್ಲ ಅಂದು ಕುಡುಗೋಲಿನಂತೆ ಬಾಗಿದ್ದವು. ನೂರಾರು ಕುಡುಗೋಲುಗಳು, ಸೆಗಣಿ ಸಾರಿಸಿದ ಅಂಗಳದ ತುಂಬ. ದಿನವೂ ಬೀಳುವ ಚುಕ್ಕಿ ದುಂಡಗಿರುವುದು ಸೂರ್ಯ ದುಂಡಗಿರುವುದರಿಂದ, ಎಲೆಯ ಸಂದಿ ದುಂಡಗಿರುವುದರಿಂದ ಅಲ್ಲ ಎಂಬುದು ಆ ಮಕ್ಕಳಿಗೆ ಅಂದು ತಿಳಿಯಿತು. ಪಿಲಿಕುಳದ ತಾರಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ, ಅದು ನಮ್ಮ ಭಾಗ್ಯ. ಆದರೆ ಹಲಸಿನ ಮರದ ಕೆಳಗೂ ಒಂದು ತಾರಾಲಯ ನಡೆಯುತ್ತಿರುತ್ತದೆ.

ಗ್ರಹಣಕ್ಕೆ ಕಾಯಬೇಕು, ನೆರಳಿಗೆ ಕಾಯಬೇಕಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ನಡುಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಎರಡನೆಯದು ಆಗಸ್ಟ್ 18ರ ಆಸುಪಾಸು, ಅದನ್ನು ಮೋಡ ತಿಂದುಹಾಕುವುದೇ ಹೆಚ್ಚು. ಮೊದಲನೆಯದು ಏಪ್ರಿಲ್ 24ರ ಆಸುಪಾಸು, ಪಗ್ಗು ತಿಂಗಳ ಸುಡುಬಿಸಿಲಲ್ಲಿ. ಆಗ ಶಾಲೆಗೆ ರಜೆ, ಹಾಗಾಗಿ ಇದು ಮನೆಯವರ ಪಾಲಿನ ಪಾಠ. ಅಂಗಳದಲ್ಲಿ ಒಂದು ಕೋಲು ನೆಡಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅದು ನೆಟ್ಟಗಿದೆಯೇ ಎಂದು ಮಕ್ಕಳೇ ನೋಡಲಿ. ಹನ್ನೊಂದರಿಂದ ಹತ್ತು ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದೊಂದು ಹುಣಸೆ ಬೀಜ ಇಡಲಿ. ಹನ್ನೆರಡೂವರೆಗೆ ಇನ್ನೊಂದೆರಡು ನಿಮಿಷ ಇರುವಾಗ ಕೋಲಿಗೆ ನೆರಳೇ ಇರುವುದಿಲ್ಲ. ಅದು ಎಲ್ಲಿಗೆ ಹೋಯಿತೆಂದು ಅವರು ಕೇಳುತ್ತಾರೆ. ದಯವಿಟ್ಟು ಕೂಡಲೇ ಹೇಳಿಬಿಡಬೇಡಿ.